ವಾಲಿದ ಗೋಡೆಗೆ ಇಬ್ಬರು ಸಾಕ್ಷಿಗಳು

ಹಿಂದುಗಡೆಯ ಮನೆಯವರು ಬೆಳಿಗ್ಗೆಯಿಂದ ಅಂಗಳಕ್ಕೆ ಸಿಮೆಂಟು ಹಾಕಿಸುತ್ತಿದ್ದಾರೆ. ಹಸಿ ಸಿಮೆಂಟಿನ ವಾಸನೆಗೆ ನಿಮಗೆ ಹೊಸ ಮನೆಯೋ ಗೃಹಪ್ರವೇಶದ ಪಾಯಸವೋ ನೆನಪಾಗಬಹುದು. ನನಗೆ ನೆನಪಾಗುವುದು ಒಂದು ಗೋಡೆ, ಅದರ ಹಿಂದೆಯೇ ಕುವೈತಿನ ಕಾನೂನು. ಕುವೈತನ್ನು ನಾನು ಕಂಡವನಲ್ಲ; ಕಡಬ ಪೇಟೆಯಾಚೆಗಿನ ನಮ್ಮ ಓಣಿಗೆ ಅದನ್ನು ತಂದವರು ಪಕ್ಕದ ಮನೆಯ ಹಮೀದಾಕ.

ಅಲ್ಲಿಯ ವಕೀಲರೊಬ್ಬರ ಆಫೀಸಿನಲ್ಲಿ ವರ್ಷಗಟ್ಟಲೆ ಗುಮಾಸ್ತರಾಗಿದ್ದು ಮರಳಿದವರು ಅವರು. ಬೇರೆಯವರು ಗಲ್ಫಿನಿಂದ ಅತ್ತರು ತಂದರೆ ಇವರು ಕಾನೂನು ತಂದರು. ಅತ್ತರಾದರೂ ಒಂದು ದಿನ ಮುಗಿಯುತ್ತದೆ.

“ಅಲ್ಲಿಯದ್ದು ಬೆರಕೆ ಕಾನೂನು ಮಾಷ್ಟ್ರೆ,” ಎಂದರು ಒಂದು ಸಂಜೆ ನಮ್ಮ ಜಗಲಿಯಲ್ಲಿ ಚಹಾ ಕುಡಿಯುತ್ತ. “ಕರಾರು, ಬಾಡಿಗೆ, ನಷ್ಟ, ಇದೆಲ್ಲ ಫ್ರೆಂಚರ ಕ್ರಮ. ಅದು ಈಜಿಪ್ಟಿಗೆ ಬಂದು, ಅಲ್ಲಿಂದ ಕುವೈತಿಗೆ ಬಂದದ್ದು. ಮದುವೆ, ಆಸ್ತಿಪಾಲು ಶರೀಅತ್ತು. ಗೋಡೆ ಅವರದ್ದು, ಮಾಡು ನಮ್ಮದು ಅಂತ ತಿಳ್ಕೊಳ್ಳಿ.”

ಗೋಡೆ ಎಂದ ಕೂಡಲೇ ನನ್ನ ಕಣ್ಣು ಅಂಗಳದಂಚಿಗೆ ಹೋಯಿತು. ಅಪ್ಪ ಕಟ್ಟಿಸಿದ ನಮ್ಮ ಕೆಂಪುಕಲ್ಲಿನ ಕಂಪೌಂಡು ಆಗಲೇ ಹಮೀದಾಕನ ಅಂಗಳದ ಕಡೆಗೆ ವಾಲಿತ್ತು. ಸರಿ ಮಾಡಿಸಬಾರದೇ ಎನ್ನುತ್ತೀರಿ. ಕೆಡವಿದರೆ ಗಡಿ ಅಳೆಯಬೇಕು. ಅಳೆದಾಗ ಅಪ್ಪ ಅವರ ಜಾಗದೊಳಗೆ ಕಟ್ಟಿಸಿದ್ದೆಂದು ಗೊತ್ತಾದರೆ? ಹಾಗಾಗಿ ಪ್ರತಿ ಮಳೆಗಾಲಕ್ಕೆ ಮುಂಚೆ ಗೋಡೆಯ ಮೇಲೆ ಕೈಯಿಟ್ಟು, ಈ ವರ್ಷ ಒಂದು ನಿಲ್ಲು ಎಂದು ಬೇಡಿಕೊಳ್ಳುತ್ತಿದ್ದೆ.

ಸಾಮಾನ್ಯ ಜ್ಞಾನಕ್ಕೆಂಬಂತೆ ಕೇಳಿದೆ: “ಗೋಡೆ ಬಿದ್ದು ಯಾರಿಗಾದರೂ ಪೆಟ್ಟಾದರೆ ಅಲ್ಲಿ ಎಂತ ಮಾಡುದು?”

“ಫ್ರೆಂಚರ ಲೆಕ್ಕದಲ್ಲಿ ಗೋಡೆ ಯಾರದ್ದೋ ಹೊಣೆ ಅವನದ್ದೇ. ಶರೀಅತ್ತಿನ ಹಳೆ ಪಂಡಿತರದ್ದು ಬೇರೆ ಉಂಟು. ‘ನಿನ್ನ ಗೋಡೆ ವಾಲಿದೆ, ತೆಗಿ’ ಅಂತ ಮೊದಲೇ ಹೇಳಿರಬೇಕು, ಇಬ್ಬರು ಸಾಕ್ಷಿ ಇರಬೇಕು. ಹೇಳದೆ ಬಿದ್ದರೆ ಹೊಣೆ ಅವನ ತಲೆಗಿಲ್ಲ.”

ನನ್ನ ಗೋಡೆಯ ಸುದ್ದಿ ಎತ್ತದೆ ಚಹಾ ಮುಗಿಸಿ ಎದ್ದುಹೋದರು. ನನ್ನ ನಿದ್ರೆಯೂ ಅವರ ಹಿಂದೆಯೇ ಹೋಯಿತು.

“ಕುವೈತಿನ ಕಾನೂನು ಕಡಬಕ್ಕೆ ಬರುದು ಹೇಗೆ? ಹೆದರುದಾದರೆ ನಮ್ಮ ಸ್ಟೇಷನ್ನಿಗೆ ಹೆದರಿ,” ಎಂದಳು ಹೆಂಡತಿ. ಹೆದರಿಕೆಗೆ ವೀಸಾ ಬೇಕೇ? ಅಂದಿನಿಂದ ಹಮೀದಾಕ ಒಬ್ಬರೇ ಸಿಕ್ಕರೆ ಹರಟುತ್ತಿದ್ದೆ, ಜೊತೆಗೊಬ್ಬರಿದ್ದರೆ ನಮಸ್ಕಾರ ಮಾತ್ರ, ಇಬ್ಬರಿದ್ದರೆ ಓಣಿಯನ್ನೇ ಬದಲಿಸುತ್ತಿದ್ದೆ. ಹೇಳಿದರೆ ತಾನೆ ಹೊಣೆ? ಒಮ್ಮೆ ಪೇಟೆಯಲ್ಲಿ ಹಾಗೆ ತಪ್ಪಿಸಿಕೊಳ್ಳಲು ಹೆಂಗಸರ ಬಟ್ಟೆ ಹೊಲಿಯುವ ಅಂಗಡಿಗೆ ನುಗ್ಗಿ, ದರ್ಜಿ ಹುಡುಗಿಯ ನೋಟಕ್ಕೆ ಉತ್ತರವಾಗಿ ರವಿಕೆ ಹೊಲಿಯುವ ದರ ವಿಚಾರಿಸಿ ಬಂದೆ.

ಹೀಗಿರುವಾಗ ಅವರ ಮಗಳ ಮದುವೆ ನಿಶ್ಚಯವಾಯಿತು. ಅಂಗಳದಲ್ಲೇ ಶಾಮಿಯಾನ, ಊಟದ ಮೇಜುಗಳೆಲ್ಲ ನನ್ನ ಗೋಡೆಯ ಬುಡದಲ್ಲಿ ಎಂದು ಕೇಳಿದೆ. ಒಂದು ಭಾನುವಾರ ಕಿಟಕಿಯಿಂದ ನೋಡುತ್ತೇನೆ, ಹಮೀದಾಕ ನಮ್ಮ ಗೇಟು ತೆಗೆಯುತ್ತಿದ್ದಾರೆ. ಹಿಂದೆ ಬಿಳಿ ಬಟ್ಟೆಯ ಇಬ್ಬರು, ಅವರ ಭಾವ ಮತ್ತು ವಯಸ್ಸಾದ ಮಾವ. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದೆ.

“ಬನ್ನಿ ಹೊರಗೆ! ಹೀಗೆ ಅಡಗಿ ಕೂರ್ಲಿಕ್ಕೆ ಮದುಮಗಳು ಇರುದು ಅವರ ಮನೆಯಲ್ಲೋ, ನಮ್ಮ ಮನೆಯಲ್ಲೋ?” ಹೆಂಡತಿ ಬಾಗಿಲು ಬಡಿದಳು.

ನೀರಿನ ಸದ್ದಿನಲ್ಲಿ ನಿಂತು ಲೆಕ್ಕ ಹಾಕಿದೆ. ಅವರು ಹೇಳದಿದ್ದರೆ ನಾನು ಪಾರು. ಆದರೆ ಗೋಡೆ? ಅದಕ್ಕೆ ಶರೀಅತ್ತೂ ಗೊತ್ತಿಲ್ಲ, ಫ್ರೆಂಚೂ ಗೊತ್ತಿಲ್ಲ. ಅದರ ಬುಡದಲ್ಲಿ ಸಾಲಾಗಿ ಕೂತು ತುಪ್ಪದನ್ನ ಉಣ್ಣುವ ಮಕ್ಕಳು ಕಣ್ಣಿಗೆ ಕಂಡರು. ಒದ್ದೆ ಕೈಯಲ್ಲೇ ಹೊರಗೆ ಬಂದು, ಅವರು ಬಾಯಿ ತೆರೆಯುವ ಮೊದಲೇ ಅಂದುಬಿಟ್ಟೆ: “ನನ್ನ ಗೋಡೆ ವಾಲಿದೆ. ನಾಳೆಯೇ ತೆಗೆಸ್ತೇನೆ. ನೀವು ಮೂವರೂ ಸಾಕ್ಷಿ!”

ಮಾವನ ಕೈಯಲ್ಲಿದ್ದ ಮದುವೆ ಕಾಗದ ಅಲ್ಲೇ ನಿಂತಿತು. ಹಮೀದಾಕ ಟೊಪ್ಪಿ ಜಾರುವಷ್ಟು ನಕ್ಕರು. “ನಾವು ಬಂದದ್ದು ಮದುವೆಗೆ ಕರೀಲಿಕ್ಕೆ ಮಾರಾಯ್ರೆ!”

“ಆ ಗೋಡೆಯಾ?” ಎಂದರು ಭಾವ. “ನಮ್ಮ ಬದಿಯಿಂದ ಆಧಾರ ಕೊಟ್ಟು ಎರಡು ಮಳೆಗಾಲ ಆಯ್ತಲ್ಲ. ಮಾಷ್ಟ್ರಿಗೆ ಒಂದು ಮಾತು ಹೇಳು ಅಂತ ನಾನು, ಹೇಳುದಿಲ್ಲ ಅಂತ ಇವನು. ಹೇಳಿದರೆ ಹೊಣೆ ಅವರ ತಲೆಗೆ ಬರ್ತದಂತೆ, ಮೊದಲೇ ಅವರಿಗೆ ನಿದ್ರೆ ಇಲ್ವಂತೆ!”

ಆಚೆ ಹೋಗಿ ನೋಡಿದೆ. ಗೋಡೆಗೆ ಉದ್ದಕ್ಕೂ ಅಡಿಕೆ ಮರದ ತುಂಡುಗಳನ್ನು ಓರೆಯಾಗಿ ನಿಲ್ಲಿಸಿದ್ದರು. ನನ್ನ ಪ್ರಾರ್ಥನೆಗೆ ನಿಂತಿದೆ ಎಂದುಕೊಂಡಿದ್ದ ಗೋಡೆ! ಮರುದಿನ ಅದನ್ನು ಕೆಡವಿದೆವು. ಗಡಿ ಅಳೆಯುವ ಮಾತು ತೆಗೆದರೆ, “ಮೊದಲು ಮೇಜು ಇಡ್ಲಿಕ್ಕೆ ಜಾಗ ಕೊಡಿ,” ಎಂದರು ಹಮೀದಾಕ. ಮದುವೆಯ ಊಟ ಎರಡೂ ಅಂಗಳಗಳಲ್ಲಿ ನಡೆಯಿತು. ಗೋಡೆ ಆಮೇಲೆ ಏಳಲೇ ಇಲ್ಲ.

ಈಗ ಹಮೀದಾಕನ ತೆಂಗಿನಮರವೊಂದು ನಮ್ಮ ಅಡುಗೆಮನೆಯ ಮಾಡಿನ ಮೇಲೆ ಬಾಗುತ್ತಿದೆ. ನಿನ್ನೆ ಅದನ್ನೇ ನೋಡುತ್ತ ನಿಂತಿದ್ದಾಗ ಅವರು ಭಾವ, ಅಳಿಯನೊಂದಿಗೆ ಬಂದರು.

“ಎಂತ ಮಾಷ್ಟ್ರೆ, ಮೇಲೆ ನೋಡುದು?”

ಸಾಕ್ಷಿಗಳು ಸರಿಯಾಗಿ ಇಬ್ಬರು.

“ಎಂತ ಇಲ್ಲ, ಮೋಡ,” ಎಂದೆ. ಚಹಾ ಕುಡಿದು ಹೋಗಿ ಎಂದು ಮೂವರನ್ನೂ ಕೂರಿಸಿದೆ. ಕುರ್ಚಿಗಳನ್ನು ಮಾತ್ರ, ಮರ ಚೆನ್ನಾಗಿ ಕಾಣುವಂತೆ, ಅಡುಗೆಮನೆಯ ಕಡೆಗೆ ತಿರುಗಿಸಿ ಹಾಕಿದೆ.