ಕೈ ಎತ್ತದ ಮೇಷ್ಟ್ರು

ನಮ್ಮ ಮೇಷ್ಟ್ರು ಯಾವ ಮಗುವಿನ ಮೇಲೂ ಕೈ ಎತ್ತಿದವರಲ್ಲ. ಜಂಗಮಕೋಟೆಯ ಹಳಬರನ್ನು ಇವತ್ತು ಕೇಳಿದರೂ ಇದನ್ನೇ ಹೇಳುತ್ತಾರೆ. "ದೇವ್ರಂಥ ಮನುಷ್ಯ ಕಣಮ್ಮ, ಒಂದು ಮಗೀಗೂ ಒಂದೇಟು ಹಾಕ್ಲಿಲ್ಲ" ಎಂದು ಕಣ್ಣೊರೆಸಿಕೊಳ್ಳುವವರೂ ಇದ್ದಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹೊಡೆಯಲು ಅವರಿಗೆ ಸ್ವಂತ ಕೈ ಯಾಕೆ ಬೇಕಿತ್ತು? ನಮ್ಮ ಕೈಗಳಿದ್ದವಲ್ಲ!

ಎಂಬತ್ತರ ದಶಕದ ನಡುಭಾಗ, ನಾನು ಏಳನೇ ತರಗತಿಯಲ್ಲಿದ್ದೆ. ಮಧ್ಯಾಹ್ನದ ಊಟದ ನಂತರ ಮೇಷ್ಟ್ರು ನಮ್ಮನ್ನು ಎತ್ತರದ ಪ್ರಕಾರ ಗೋಡೆಗೆ ಸಾಲಾಗಿ ನಿಲ್ಲಿಸುತ್ತಿದ್ದರು. ಮಗ್ಗಿಯಿಂದ ಒಂದು ಪ್ರಶ್ನೆ. ಮೊದಲನೆಯವರಿಗೆ ಬರದಿದ್ದರೆ ಎರಡನೆಯವರಿಗೆ, ಅವರಿಗೂ ಬರದಿದ್ದರೆ ಮೂರನೆಯವರಿಗೆ. ಸರಿಯಾದ ಉತ್ತರ ಹೇಳಿದವರು ಹಿಂದಕ್ಕೆ ಬಂದು, ಹೇಳದವರ ಮೂಗನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಕೆನ್ನೆಗೆ ಬಾರಿಸಬೇಕು. ಅಷ್ಟು ಹೊತ್ತೂ ಮೇಷ್ಟ್ರು ಕುರ್ಚಿಯಲ್ಲಿ ಕೂತು ಹುರಿದ ಕಡಲೆಕಾಯಿ ಸುಲಿಯುತ್ತಿದ್ದರು. ಏಟಿನ ಸದ್ದು ಸಾಲದಾದಾಗ ಮಾತ್ರ ತಲೆ ಎತ್ತುವರು. "ಅದೇನಮ್ಮ, ಸೊಳ್ಳೆ ಓಡಿಸ್ತಿದ್ದೀಯಾ? ಇನ್ನೊಂದ್ಸಲ." ಬರೆಯುವ ಪರೀಕ್ಷೆ ಕೊಟ್ಟರೆ ಕೂತು ತಿದ್ದಬೇಕಲ್ಲ, ಆ ತೊಂದರೆಯನ್ನು ಅವರು ಎಂದೂ ತೆಗೆದುಕೊಳ್ಳಲಿಲ್ಲ. ಯಾರು ಜಾಣರು, ಯಾರು ದಡ್ಡರು ಎಂಬುದು ವರ್ಷವಿಡೀ ಆ ಗೋಡೆಯ ಬಳಿಯೇ ತೀರ್ಮಾನವಾಗುತ್ತಿತ್ತು.

ಹೆತ್ತವರೇನು ಕಡಿಮೆಯಿರಲಿಲ್ಲ. ನನ್ನನ್ನು ಶಾಲೆಗೆ ಸೇರಿಸುವ ದಿನ ಅಪ್ಪ ಕೈ ಮುಗಿದು, "ಕಣ್ಣೆರಡು ಬಿಟ್ಟು ಮಿಕ್ಕಿದ್ದೆಲ್ಲಾ ನಿಮ್ದೇ ಸಾರ್, ಏನಾದ್ರೂ ಮಾಡ್ಕೊಳ್ಳಿ" ಎಂದಿದ್ದರು. ಅಪ್ಪ ಊರಿನ ಹಾಲಿನ ಡೇರಿಯ ಕಾರ್ಯದರ್ಶಿ. ಹಾಲಿನ ಕ್ಯಾನುಗಳನ್ನು ಲಾರಿಗೆ ಏರಿಸುವಾಗ "ಮೆತ್ತಗೆ, ಮೆತ್ತಗೆ" ಎಂದು ಹುಡುಗರ ಮೇಲೆ ರೇಗುತ್ತಿದ್ದ ಮನುಷ್ಯ, ಮಗಳನ್ನು ಒಪ್ಪಿಸುವಾಗ ಅಷ್ಟನ್ನೂ ಹೇಳಲಿಲ್ಲ.

ಪ್ರಶ್ನೆ ಶುರುವಾಗುವ ಸಾಲಿನ ಮೊದಲ ತುದಿಯಲ್ಲಿ ತೊದಲುವ ಒಂದು ಪುಟ್ಟ ಹುಡುಗಿ ನಿಲ್ಲುತ್ತಿದ್ದಳು. ಮೇಷ್ಟ್ರು ಮೂರು ಎಣಿಸುವಷ್ಟರಲ್ಲಿ ಅವಳ ಉತ್ತರ ತುಟಿ ದಾಟುತ್ತಲೇ ಇರಲಿಲ್ಲ. ಅವಳ ಪಕ್ಕ ನನ್ನ ಗೆಳತಿ. ಗೆಳತಿಯ ಪಕ್ಕ ನಾನು. ಗೆಳತಿ ದಿನವೂ ತಲೆ ತಗ್ಗಿಸಿ "ಗೊತ್ತಿಲ್ಲ ಸಾರ್" ಅನ್ನುವಳು, ನಾನು ಉತ್ತರ ಹೇಳಿ ಇಬ್ಬರಿಗೂ ಬಾರಿಸುತ್ತಿದ್ದೆ. ನನ್ನ ಪ್ರಾಣದ ಗೆಳತಿಯ ಕೆನ್ನೆ ನನಗೆ ಅಷ್ಟು ಚೆನ್ನಾಗಿ ಪರಿಚಯವಾಗಿದ್ದು ಹೀಗೆ.

ಅವಳ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹುಳು ದೊಡ್ಡದಾಗಿ ಹೊತ್ತುಹೊತ್ತಿಗೆ ಸೊಪ್ಪು ಕೇಳುವ ದಿನಗಳಲ್ಲಿ ಮನೆಮಂದಿಯೆಲ್ಲ ಹುಳುಮನೆಯಲ್ಲೇ ಇರಬೇಕು. ಅವಳು ವಾರಗಟ್ಟಲೆ ಶಾಲೆಗೆ ಚಕ್ಕರ್. ಅದಕ್ಕೇ ಮಗ್ಗಿ ಬರುವುದಿಲ್ಲ ಎಂದು ನಾವೆಲ್ಲ ತಿಳಿದಿದ್ದೆವು. ಅವಳ ಅಪ್ಪ ಒಂದು ಮಾತು ಕೊಟ್ಟಿದ್ದರು: ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಪಾಸಾದರೆ ಶಿಡ್ಲಘಟ್ಟದ ಹೈಸ್ಕೂಲು, ಇಲ್ಲವಾದರೆ ಮದುವೆಯವರೆಗೆ ಹುಳುಮನೆ. ಹೈಸ್ಕೂಲಿಗೆ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಹೋಗುವುದೆಂದು ನಾವು ನಿಶ್ಚಯಿಸಿದ್ದೆವು.

ನಾನು ಮೆಲ್ಲಗೆ ಹೊಡೆಯಲು ನೋಡಿದವಳೇ. ಆದರೆ ಮೆಲ್ಲಗೆ ಹೊಡೆದರೆ ಎರಡನೇ ಸಲ ಹೊಡೆಯಬೇಕಾಗಿತ್ತು. "ಜೋರಾಗೇ ಹೊಡಿಯೇ, ಒಂದೇಟ್ಗೆ ಮುಗಿಸು" ಎಂದು ಅವಳೇ ಪಿಸುಗುಟ್ಟುತ್ತಿದ್ದಳು. ಹನ್ನೆರಡು ವರ್ಷದ ಮಕ್ಕಳು ಹೀಗೆ ಒಪ್ಪಂದ ಮಾಡಿಕೊಳ್ಳುತ್ತಿದ್ದ ಕೋಣೆಗೆ ಬಂದ ಇನ್ಸ್‌ಪೆಕ್ಟರ್ ಸಾಹೇಬರು, ಮೇಜಿನ ಮೇಲೆ ಬೆತ್ತವೇ ಇಲ್ಲದ್ದನ್ನು ನೋಡಿ ಹೊಗಳಿ ಹೋದರು. ಮೇಷ್ಟ್ರು ನಾಚಿಕೊಂಡು ನಕ್ಕರು.

ಒಂದು ದಿನ ನನಗೆ ಸಾಕಾಯಿತು. ಉತ್ತರ ನಾಲಿಗೆಯ ತುದಿಯಲ್ಲಿದ್ದರೂ "ಗೊತ್ತಿಲ್ಲ ಸಾರ್" ಅಂದೆ. ನನ್ನ ಪಕ್ಕದಲ್ಲಿದ್ದ ಕಿರಾಣಿ ಅಂಗಡಿಯವರ ಮಗ ಉತ್ತರ ಹೇಳಿ ಮೂವರಿಗೂ ಬಾರಿಸಿದ. ಕೆನ್ನೆ ಚುರುಗುಟ್ಟಿದರೂ ದೊಡ್ಡ ತ್ಯಾಗ ಮಾಡಿದವಳಂತೆ ಬೀಗುತ್ತ ಮನೆಗೆ ಹೋದೆ. ಅಷ್ಟರಲ್ಲಿ ಮೇಷ್ಟ್ರು ಡೇರಿಗೆ ಹೋಗಿ ಸುದ್ದಿ ಮುಟ್ಟಿಸಿಯಾಗಿತ್ತು.

"ಆ ಅಂಗಡಿಯವ್ನ ಮಗನ ಕೈಲಿ ಹೊಡಿಸ್ಕೊಂಡ್ಯಾ?" ಅಪ್ಪ ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. "ಊರಲ್ಲಿ ನಾನು ಹೆಂಗಮ್ಮ ತಲೆ ಎತ್ಕೊಂಡು ಓಡಾಡ್ಲಿ?"

"ಅವಳಿಗೆ ಹೊಡಿಯಕ್ಕೆ ನಂಗೆ ಇಷ್ಟ ಇಲ್ಲಪ್ಪ" ಅಂದೆ.

"ಇಷ್ಟ ಕಟ್ಕೊಂಡು ಏನ್ ಮಾಡ್ತೀಯ? ಒಂದೋ ಹೊಡಿಬೇಕು, ಇಲ್ಲ ಹೊಡಿಸ್ಕೋಬೇಕು. ನನ್ ಮಗಳು ಹೊಡಿಯೋಳಾಗಿರ್ಬೇಕು ಅಷ್ಟೆ."

ಅಮ್ಮ ಅಡುಗೆಮನೆಯಿಂದ, "ಹೌದು ಮತ್ತೆ, ಫಸ್ಟ್ ಬರೋ ಮಗು ಹಿಂಗೆಲ್ಲಾ ಮಾಡ್ಬಾರ್ದು" ಎಂದು ದನಿಗೂಡಿಸಿದಳು. ಮಕ್ಕಳು ಮಕ್ಕಳಿಗೆ ಬಾರಿಸುವುದರ ಬಗ್ಗೆ ಆ ಮನೆಯಲ್ಲಿ ಯಾರಿಗೂ ತಕರಾರಿರಲಿಲ್ಲ. ನಾನೂ ಆ ರಾತ್ರಿ ಚೆನ್ನಾಗಿಯೇ ನಿದ್ದೆ ಮಾಡಿದೆ.

ಮುಂದಿನ ವಾರ ಗೆಳತಿ ಮೂಗು ಚುಚ್ಚಿಸಿಕೊಂಡು ಬಂದಳು. ತೂತು ಮುಚ್ಚದಿರಲೆಂದು ಸಣ್ಣ ಬೇವಿನ ಕಡ್ಡಿ ಸಿಕ್ಕಿಸಿದ್ದರು. ಸುತ್ತ ಕೆಂಪಗೆ ಊದಿತ್ತು. ಹುಳುಗಳು ಸೊಪ್ಪು ಬಿಟ್ಟು ಪೊರೆ ಕಳಚಲು ಕೂತಿದ್ದರಿಂದ ಅವಳಿಗೆ ಆ ದಿನ ಮನೆಯಲ್ಲಿ ಬಿಡುವಿತ್ತು. ಮಧ್ಯಾಹ್ನ ಎಂದಿನಂತೆ ಸಾಲು, ಎಂದಿನಂತೆ "ಗೊತ್ತಿಲ್ಲ ಸಾರ್". ನಾನು ಉತ್ತರ ಹೇಳಿ ಅವಳ ಮುಂದೆ ನಿಂತೆ.

"ಮೂಗು ಬೇಡ ಕಣೇ, ಕಿವಿ ಹಿಡ್ಕೊಳೇ" ಎಂದಳು. ನಾನು ಮೇಷ್ಟ್ರ ಕಡೆ ನೋಡಿದೆ. ಅವರು ಕಡಲೆಕಾಯಿ ಸಿಪ್ಪೆ ಊದುತ್ತ, "ಎಲ್ರಿಗೂ ಒಂದೇ ರೂಲ್ಸು ಕಣಮ್ಮ" ಅಂದರು. ನಾನು ಮೂಗು ಹಿಡಿದೆ. ಹಿಡಿದು, ಸದ್ದು ಬರುವಂತೆ ಹೊಡೆದೆ. ಕಡ್ಡಿ ಕಿತ್ತುಬಂದು ನನ್ನ ಬೆರಳಿಗೂ ಅವಳ ಬಿಳಿ ಅಂಗಿಗೂ ರಕ್ತವಾಯಿತು. ಅವಳು ಅಳಲಿಲ್ಲ. ತೊದಲುವ ಹುಡುಗಿ ಅತ್ತಳು.

ಮರುದಿನ ಅವಳ ಅಪ್ಪ ಶಾಲೆಗೆ ಬಂದರು. ಜಗಳವಾಗುತ್ತದೆ ಎಂದುಕೊಂಡೆ. ಆ ಮನುಷ್ಯ ಬಾಗಿಲಲ್ಲೇ ಟವೆಲ್ಲು ತೆಗೆದು ಕಂಕುಳಲ್ಲಿಟ್ಟುಕೊಂಡು, "ತಪ್ಪು ತಿಳ್ಕೋಬೇಡಿ ಸ್ವಾಮಿ, ಮಗೀಗೆ ವಿದ್ಯೆ ಹತ್ತಲ್ಲ, ನಿಮ್ಗೂ ಸುಮ್ನೆ ತೊಂದ್ರೆ. ಬಿಡಿಸಿಬಿಡ್ತೀನಿ" ಎಂದರು. ಕ್ಷಮೆ ಕೇಳಬೇಕಾದವರು ಆರಾಮಾಗಿ ಕುರ್ಚಿಯಲ್ಲಿದ್ದರು. "ನಿಮ್ಮಿಷ್ಟ. ಪರೀಕ್ಷೆಗೆ ಶನಿವಾರ ಹೆಸರು ಕಳಿಸ್ತೀನಿ. ಓದೋ ಹಂಗಿದ್ರೆ ಅಷ್ಟ್ರಲ್ಲಿ ಹೇಳಿ, ಸೇರಿಸ್ತೀನಿ" ಎಂದರು ಮೇಷ್ಟ್ರು. ಹೋಗುವಾಗ ಅವಳ ಅಪ್ಪ ನನ್ನ ತಲೆ ಸವರಿ, "ನೀನು ಚೆನ್ನಾಗಿ ಓದಮ್ಮ" ಅಂದರು.

ಗುರುವಾರ ಸಂಜೆ ಅವಳ ಮನೆಗೆ ಹೋದೆ. ಹುಳುಮನೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲ, ಹುಳುವಿಗೆ ರೋಗ ತಗಲುತ್ತದೆಂದು ಭಯ. ಹೊಸಿಲಿನ ಹೊರಗೆ ಸುಣ್ಣ ಚೆಲ್ಲಿದ್ದಲ್ಲಿ ನಿಂತೆ. ಅವಳು ಬಿದಿರಿನ ತಟ್ಟೆಗಳ ಮೇಲೆ ಹಿಪ್ಪುನೇರಳೆ ಸೊಪ್ಪು ಹರಡುತ್ತಿದ್ದಳು. ಮೂಗಿನ ಮೇಲೆ ಅರಿಶಿನ ಮೆತ್ತಿತ್ತು.

"ನಂದೇ ತಪ್ಪು ಕಣೇ. ನಾಳೆಯೆಲ್ಲಾ ಕೂತು ಮಗ್ಗಿ ಹೇಳ್ಕೊಡ್ತೀನಿ. ಒಂದ್ಸಲ ಒಪ್ಪಿಸಿದ್ರೆ ಮೇಷ್ಟ್ರು ಹೆಸರು ಸೇರಿಸ್ತಾರೆ" ಎಂದೆ.

ಅವಳು ನಕ್ಕಳು. ಸೊಪ್ಪು ಹರಡುವ ಕೈ ನಿಲ್ಲಿಸದೆ ಹತ್ತೊಂಬತ್ತರ ಮಗ್ಗಿಯನ್ನು ಶುರು ಮಾಡಿ, ಎಲ್ಲೂ ತಡವರಿಸದೆ ಕೊನೆ ಮುಟ್ಟಿಸಿದಳು.

"ಹುಳಕ್ಕೆ ಸೊಪ್ಪು ಹಾಕ್ತಾ ಯಾವತ್ತೋ ಕಲ್ತ್ಕೊಂಡೆ. ಆದ್ರೆ ಸಾಲಲ್ಲಿ ಹೇಳಿದ್ರೆ ಆ ತೊದಲೋ ಮಗೀಗೆ ನಾನು ಹೊಡಿಬೇಕಲ್ಲ. ಅದು ನನ್ ಕೈಲಾಗಲ್ಲ ಕಣೇ" ಎಂದಳು. ಒಳಗಿನಿಂದ ಅವಳ ಅಮ್ಮ "ಅಮ್ಮಾಯ್, ಇಟ್ರಾ" ಎಂದು ತೆಲುಗಿನಲ್ಲಿ ಕರೆದರು. ಅವಳು ಹೋದಳು.

ದಾರಿಯಲ್ಲಿ ನಾನು ಅವಳ ಬಗ್ಗೆ ಯೋಚಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನಾನು ಯೋಚಿಸಿದ್ದು ಹತ್ತೊಂಬತ್ತರ ಮಗ್ಗಿಯನ್ನು. ನನಗೆ ಅದು ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ. ಅವಳು ಪರೀಕ್ಷೆಗೆ ಕೂತರೆ ಫಸ್ಟ್ ಯಾರು ಬರುತ್ತಾರೆ, ಅಪ್ಪ ಏನನ್ನುತ್ತಾರೆ ಎಂದು ಲೆಕ್ಕ ಹಾಕುತ್ತ ಮನೆ ಸೇರಿದೆ. ಶುಕ್ರವಾರ ಯಾರಿಗೂ ಏನೂ ಹೇಳಲಿಲ್ಲ.

ಶನಿವಾರ ಮೇಷ್ಟ್ರು ಪರೀಕ್ಷೆಯ ಪಟ್ಟಿ ಬರೆದರು. ಕ್ಲಾಸಿನ ಲೀಡರ್ ನಾನೇ ಆದ್ದರಿಂದ ಹೆಸರುಗಳನ್ನು ಓದಿ ತಾಳೆ ನೋಡುವ ಕೆಲಸ ನನಗೆ ಬಂತು. ಓದಿ ಮುಗಿಸಿದೆ. ಮೇಷ್ಟ್ರು ಪೆನ್ನಿನ ಕ್ಯಾಪು ಹಿಡಿದುಕೊಂಡು, "ಬಿಟ್ಟೋಗಿರೋರು ಯಾರಾದ್ರೂ ಇದ್ದಾರೇನಮ್ಮ?" ಎಂದು ಕೇಳಿದರು.

"ಇಲ್ಲ ಸಾರ್" ಅಂದೆ.