ಶನಿವಾರ ಶಾಲೆಗೆ ಹೋಗುವ ಅಡುಗೆಮನೆ

ಬಿಳಿಗೆರೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪುಟ್ಟಗಂಗಮ್ಮ ಆಗಲೇ ಮುದ್ದೆ ತೊಳಸಿ, ಗಂಡನಿಗೆ ಬಡಿಸಿ, ಪಾತ್ರೆ ಬೆಳಗಿ ಮುಗಿಸಿದ್ದಾರೆ. ಹಿತ್ತಾಳೆ ಚೆಂಬು, ಮಣ್ಣಿನ ಮಡಕೆ, ಮುದ್ದೆ ಕೋಲು, ರಾಗಿ ಅಳೆಯುವ ಸೇರು, ಅಟ್ಟದಿಂದ ಇಳಿಸಿದ ಒಂದು ಕಾಯಿ, ಹೀಗೆ ಒಂದೊಂದನ್ನೇ ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಬಿದಿರುಬುಟ್ಟಿಗೆ ಇಳಿಸುತ್ತಾರೆ. ಗೊತ್ತಿಲ್ಲದವರು ನೋಡಿದರೆ ಈಕೆ ಮನೆ ಬಿಟ್ಟು ಹೊರಟಿದ್ದಾರೆ ಎಂದೇ ತಿಳಿಯಬೇಕು.

ತೋಟಗಳಲ್ಲಿ ಕಾಯಿ ಸುಲಿಯುವ ಗಂಡ ಸಣ್ಣತಿಮ್ಮಯ್ಯ ಜಗುಲಿಯ ಮೇಲಿಂದ, ಪತ್ರಿಕೆಗೆ ಬರೆಯಲು ಬಂದ ನನಗೆ ವರದಿ ಒಪ್ಪಿಸುತ್ತಾರೆ. "ಶನಿವಾರ ಬಂತು ಅಂದ್ರೆ ನಾನು ಬೊಗಸೇಲಿ ನೀರು ಕುಡೀಬೇಕು ಕಣ್ರೀ. ಚೆಂಬು ಸ್ಕೂಲಿಗೆ ಹೋಗ್ತೈತೆ." ಹೆಂಡತಿ ತಿರುಗಿಯೂ ನೋಡುವುದಿಲ್ಲ. ಮೊದಲ ಬಸ್ಸು ತಪ್ಪಿದರೆ ಕಷ್ಟ.

ತಿಪಟೂರಿನ ಹೈಸ್ಕೂಲೊಂದರಲ್ಲಿ ಪುಟ್ಟಗಂಗಮ್ಮ ಆಯಾ. ಹದಿನಾಲ್ಕು ವರ್ಷದ ನೌಕರಿ. ದಿನಕ್ಕೆ ಹನ್ನೊಂದು ಕೋಣೆ ಗುಡಿಸಬೇಕು, ಬೋರ್‌ವೆಲ್ಲಿನಿಂದ ಇಪ್ಪತ್ತು ಬಿಂದಿಗೆ ನೀರು ತುಂಬಬೇಕು, ಬೆಲ್ಲು ಹೊಡೆಯಬೇಕು. ಶನಿವಾರ ಡ್ರಾಯಿಂಗ್ ಕ್ಲಾಸಿನ ಸ್ಟೂಲಿನ ಮೇಲೆ ಪಾತ್ರೆ ಜೋಡಿಸುವುದು ಮಾತ್ರ ಯಾರೂ ಹೇಳಿದ ಕೆಲಸವಲ್ಲ. ಮನೆ ಸಾಮಾನು ನೋಡಿಕೊಂಡು ಬರೆಯುವ ಪಾಠಕ್ಕೆ ಪಾತ್ರೆ ತನ್ನಿ ಎಂದರೆ ಮಕ್ಕಳು ಕೈ ಬೀಸಿಕೊಂಡು ಬರುತ್ತಿದ್ದರಂತೆ. ಒಂದು ದಿನ ಡ್ರಾಯಿಂಗ್ ಮೇಷ್ಟ್ರು ತೋಂಟದಾರ್ಯ ಕೈಚೆಲ್ಲಿ ಕೂತಾಗ, ಈಕೆ ನೀರು ಕುಡಿಯಲು ತಂದಿದ್ದ ಚೆಂಬನ್ನೇ ಸ್ಟೂಲಿನ ಮೇಲಿಟ್ಟರು. ಆಮೇಲೆ ಅದು ನಿಲ್ಲಲಿಲ್ಲ.

ಆ ಚೆಂಬು ಇವರ ಅವ್ವನದು. ಅವ್ವ ತೀರಿಕೊಂಡಾಗ ಪುಟ್ಟಗಂಗಮ್ಮನಿಗೆ ನಾಲ್ಕು ವರ್ಷ. ಫೋಟೋ ಇಲ್ಲ. "ಅವ್ವನ ಮುಖ ಎಷ್ಟು ನೆನಸ್ಕೊಂಡ್ರೂ ಬರಾಕಿಲ್ಲ ಸ್ವಾಮಿ. ನೀ ಅವಳ್ನೇ ಎರಕ ಹುಯ್ದಂಗಿದೀಯ ಅಂತಾರೆ ಊರೋರು. ನನ್ ಮುಖಾನೇ ನಾನು ಸರಿಯಾಗಿ ನೋಡಿಲ್ಲ. ನಮ್ಮನೆ ಕನ್ನಡೀಲಿ ಕುಂಕುಮ ಇಟ್ಕಳೋವಷ್ಟು ಹಣೆ ಕಾಣ್ತದೆ, ಅಷ್ಟೇಯ." ಹೇಳುತ್ತ ಹೆಬ್ಬೆರಳಿನಿಂದ ಚೆಂಬಿನ ಕಂಠವನ್ನು ಒರೆಸುತ್ತಾರೆ. ಒರೆಸುವಂಥದ್ದು ಅಲ್ಲೇನೂ ಇಲ್ಲ.

ಪುಟ್ಟಗಂಗಮ್ಮನಿಗೂ ಚಿತ್ರ ಬರೆಯುವ ಆಸೆ ಹತ್ತಿತು. ಕಿಟಕಿಯ ಆಚೆ ನಿಂತು ಕೇಳಿಸಿಕೊಂಡಿದ್ದೇ ಪಾಠ. ಹಳೆ ಪ್ರಶ್ನೆಪತ್ರಿಕೆಗಳ ಬೆನ್ನು ಹಾಳೆಯಾಯಿತು, ತೆಂಗಿನ ಚಿಪ್ಪಿನ ಇದ್ದಲು ಪೆನ್ಸಿಲ್ಲಾಯಿತು. ಮಕ್ಕಳು ಪೆನ್ಸಿಲ್ ಹಿಡಿದ ಕೈ ಚಾಚಿ ಒಂದು ಕಣ್ಣು ಮುಚ್ಚಿ ಅಳತೆ ತೆಗೆದರೆ, ಇವರು ಪೊರಕೆಯಿಂದ ಕಿತ್ತ ಕಡ್ಡಿ ಚಾಚುತ್ತಾರೆ. ಮೊದಲು ಚೆಂಬಿನ ಬಾಯಿ ಎಷ್ಟು ಬರೆದರೂ ತಟ್ಟೆಯ ಹಾಗೆ ದುಂಡಗೆ ನಿಲ್ಲುತ್ತಿತ್ತು. ಹಾಳೆ ನೋಡಿದ ಮೇಷ್ಟ್ರು ಕಿಟಕಿಯಿಂದ ಒಳಗೆ ಕರೆದು ಕೂರಿಸಿದರು. "'ಗಂಗಮ್ಮ, ನಿಂಗೆ ಗೊತ್ತಿರೋದನ್ನ ಬರೀಬೇಡ, ಕಾಣ್ತಿರೋದನ್ನ ಬರಿ' ಅಂದ್ರು ಮೇಷ್ಟ್ರು. ನೋಡ್ತೀನಿ, ಬಾಯಿ ಮೊಟ್ಟೆ ಥರ ಕಾಣ್ತೈತೆ. ಅಷ್ಟು ವರ್ಷ ಅದ್ರಲ್ಲೇ ನೀರು ಕುಡಿದ್ರೂ ನೋಡೇ ಇರ್ಲಿಲ್ಲ."

ಈ ಪಾತ್ರೆಗಳನ್ನು ಬರೆದು ಡ್ರಾಯಿಂಗ್ ಲೋಯರ್ ಎಂಬ ಸರ್ಕಾರಿ ಪರೀಕ್ಷೆ ಪಾಸಾದವರು ಇನ್ನೂರಕ್ಕೂ ಮೇಲೆ ಎನ್ನುತ್ತಾರೆ ತೋಂಟದಾರ್ಯ. ಉತ್ತರದ ಹಾಳೆಗಳೆಲ್ಲ ಬೆಂಗಳೂರಿಗೆ ಹೋಗುತ್ತವೆ, ಹೋದವು ವಾಪಸು ಬರುವುದಿಲ್ಲ. "ನನ್ ಚೆಂಬು ಎಷ್ಟು ಸಲ ಬೆಂಗ್ಳೂರಿಗೆ ಹೋಗೈತೋ. ನಾನಿನ್ನೂ ನೋಡಿಲ್ಲ," ಎಂದು ಪುಟ್ಟಗಂಗಮ್ಮ ನಗುತ್ತಾರೆ.

ಕಳೆದ ನವೆಂಬರಿನಲ್ಲಿ, ಎಂಬತ್ತಮೂರನೇ ಇಸವಿ, ಮೇಷ್ಟ್ರ ಒತ್ತಾಯಕ್ಕೆ ಪುಟ್ಟಗಂಗಮ್ಮನೇ ಪರೀಕ್ಷೆಗೆ ಕೂತರು. ಹೈಸ್ಕೂಲು ಹುಡುಗಿಯರ ನಡುವೆ ನಲವತ್ತು ದಾಟಿದ ಆಯಾ. ಪರೀಕ್ಷೆ ಬರೆಯುವವರ ಮನೆಯ ಪಾತ್ರೆಗಳನ್ನೇ ಇಡುವುದು ನ್ಯಾಯವಲ್ಲ ಎಂದರು ಹೊರಗಿನಿಂದ ಬಂದ ಮೇಲ್ವಿಚಾರಕರು. ಅದೂ ಸರಿಯೇ. ಹೆಡ್‌ಮಾಸ್ಟರ ಮನೆಯಿಂದ ಅವರ ಹೆಂಡತಿ ಗಿರಿಜಾಂಬಿಕಾ ಹೊಸ ಸ್ಟೀಲ್ ಬಿಂದಿಗೆ ಕಳಿಸಿಕೊಟ್ಟರು. ಈ ಸೀಮೆಯ ಮನೆಗಳಿಗೆ ಸ್ಟೀಲು ಈಗ ತಾನೇ ಕಾಲಿಡುತ್ತಿದೆ. ಪುಟ್ಟಗಂಗಮ್ಮ ಅದುವರೆಗೆ ಸ್ಟೀಲನ್ನು ಬರೆದವರಲ್ಲ, ಅಷ್ಟು ಹತ್ತಿರ ಕೂತು ನೋಡಿದವರೂ ಅಲ್ಲ.

"ಬಿಂದಿಗೆ ಒಳಗೆ ಯಾರೋ ಹೆಂಗ್ಸು ಕೂತವ್ಳೆ ಅನ್ನಿಸ್ತು. ತಲೆ ಬಗ್ಗಿಸ್ಕಂಡು ನನ್ನೇ ನೋಡ್ತಾವ್ಳೆ. ಅವ್ವ ಇಂಗೇ ಇದ್ಲೇನೋ ಅನ್ನಿಸ್ತು. ಬರೀತಾ ಹೋದೆ."

ಎರಡು ಗಂಟೆಯ ಬೆಲ್ಲು ಹೊಡೆದಾಗ ಹಾಳೆಯ ಮೇಲೆ ಬಿಂದಿಗೆಯ ಹೊಟ್ಟೆ ಇತ್ತು, ಅದರೊಳಗೆ ಒಬ್ಬ ಹೆಂಗಸಿನ ಮುಖವಿತ್ತು. ಪಕ್ಕದಲ್ಲಿಟ್ಟಿದ್ದ ಬದನೆಕಾಯಿ, ಬಾಳೆಹಣ್ಣು, ಮಡಿಸಿದ ಟವೆಲು ಯಾವುದೂ ಇರಲಿಲ್ಲ. ಫಲಿತಾಂಶ ಬಂತು, ಫೇಲು. ಹಾಳೆ ವಾಪಸು ಬೇಕೆಂದು ಮೇಷ್ಟ್ರ ಕೈಯಲ್ಲಿ ಎರಡು ಅರ್ಜಿ ಬರೆಸಿದರು. ಹಾಗೆ ಕೊಡುವ ಪದ್ಧತಿ ಇಲ್ಲ ಎಂದು ಒಂದಕ್ಕೆ ಉತ್ತರ ಬಂದಿದೆ.

ಮುಂದಿನ ತಿಂಗಳು ಮತ್ತೆ ಪರೀಕ್ಷೆ. ಗಿರಿಜಾಂಬಿಕಾ ಅದೇ ಬಿಂದಿಗೆಯನ್ನು ಅಭ್ಯಾಸಕ್ಕೆ ಕೊಟ್ಟಿದ್ದಾರೆ. ಪಕ್ಕಕ್ಕೆ ಸರಿದು ಕೂತರೆ ಬಿಂದಿಗೆಯಲ್ಲಿ ಮುಖದ ಬಿಂಬ ಬೀಳುವುದಿಲ್ಲ ಎಂದು ಮೇಷ್ಟ್ರು ಜಾಗ ತೋರಿಸಿದ್ದಾರೆ. ಈ ಶನಿವಾರ ಕ್ಲಾಸು ಬಿಟ್ಟ ಮೇಲೆ ಪುಟ್ಟಗಂಗಮ್ಮ ಆ ಜಾಗದಲ್ಲೇ ಕೂತು ಬರೆಯುತ್ತಾರೆ. ನನ್ನ ಕಣ್ಣಿಗೆ ಬಿಂದಿಗೆ ಚೆನ್ನಾಗಿ ಬಂದಿದೆ, ಬೆಳಕು, ನೆರಳು, ಎಲ್ಲ. ಈ ಸಲ ಪಾಸಾಗುತ್ತಾರೆ ಎಂದು ಮೇಷ್ಟ್ರೂ ಹೇಳುತ್ತಾರೆ.

ಹಳೆಯ ಹಾಳೆಗೆ ಯಾಕೆ ಅಷ್ಟು ಕೊರಗುವುದು, ಬಿಂದಿಗೆ ಹೇಗೂ ಇಲ್ಲೇ ಇದೆ, ಎದುರಿಗೆ ಕೂತು ಇನ್ನೊಂದು ಸಲ ಬರೆದುಕೊಳ್ಳಬಹುದಲ್ಲ ಎಂದೆ. ಬುದ್ಧಿವಂತಿಕೆಯ ಮಾತು ಆಡಿದೆ ಎಂದುಕೊಂಡಿದ್ದೆ.

ಪುಟ್ಟಗಂಗಮ್ಮ ಇದ್ದಲು ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ.

"ಬರ್ದೆ ಸ್ವಾಮಿ, ಏಳೆಂಟು ಸಲ ಬರ್ದೆ. ಈಗ ಅದು ನಾನೇ ಅಂತ ಗೊತ್ತಾಗ್ಬುಟ್ಟೈತೆ, ಹಾಳೆ ಮೇಲೂ ನಾನೇ ಬರ್ತೀನಿ. ಅವತ್ತು ಗೊತ್ತಿರ್ಲಿಲ್ಲ. ನೀವು ಪೇಪರ್ನೋರು, ಬೆಂಗ್ಳೂರಲ್ಲಿ ಒಂದು ಮಾತು ಕೇಳಿ ನೋಡಿ. ಫೇಲು ಅಂತ ಬರ್ದಿದ್ರೂ ಇರ್ಲಿ, ಆ ಕಾಗ್ದ ಕೊಟ್ರೆ ಸಾಕು. ನಮ್ಮವ್ವ ಅದ್ರಾಗವ್ಳೆ."