ಬೇಗೂರಿನ ಸುಂದ್ರಮ್ಮ ಎಂ.ಎ.ಗಳನ್ನು ತಿದ್ದಿದ್ದು

"ನನ್ ಕೈ ತುತ್ತು ಬುಟ್ರೆ, ದೇವ್ರೇ ಬಂದು ಉಣ್ಸುದ್ರೂವೆ ನನ್ ಮಗ್ಳು ಬಾಯಿ ತಗಿಯಲ್ಲ ಕಣಮ್ಮಿ. ಬರ್ಕೊ!"

ಬೇಗೂರಿನ ಸುಂದ್ರಮ್ಮ ಇದನ್ನು ಹೇಳಿದರೆ ಹೈವೇಯಲ್ಲಿ ಹೋಗುವ ಊಟಿ ಬಸ್ಸಿಗೂ ಕೇಳಿಸುತ್ತಿತ್ತು. ಯಾರೋ ಸ್ಟಾಪ್ ಕೇಳಿದರೆಂದು ಡ್ರೈವರುಗಳು ಬ್ರೇಕ್ ಹಾಕಿದ್ದೂ ಉಂಟು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಸುಂದ್ರಮ್ಮ ಆ ಹೊತ್ತಿಗೆ ಮೂರು ಎಂ.ಎ.ಗಳನ್ನು ತಿದ್ದಿ ಕಳಿಸಿದ್ದಳು. ಅಂಗವಿಕಲ ಮಕ್ಕಳ ಮತ್ತು ಅವರ ಮನೆಯವರ ಸೇವೆಗೆಂದು ಮೈಸೂರಿನಲ್ಲಿ ಎಂ.ಎ. ಓದುವ ಹುಡುಗ ಹುಡುಗಿಯರಿಗೆ ಕಾಲೇಜಿನವರು ಚಾಮರಾಜನಗರದಲ್ಲಿ ಮೂರು ದಿನ ಪಾಠ ಹೇಳಿ, ಗುಂಡ್ಲುಪೇಟೆ ಬಸ್ಸು ಹತ್ತಿಸಿ, ಒಬ್ಬೊಬ್ಬರನ್ನು ಒಂದೊಂದು ಮನೆಗೆ ಹದಿನೈದು ದಿನ ಬಿಡುತ್ತಿದ್ದರು. ಮಗುವಿಗೆ ಏನಾದರೊಂದು ಕಲಿಸಬೇಕು, ಮನೆಯವರಿಂದ ಏನಾದರೊಂದು ಕಲಿಯಬೇಕು, ಕೊನೆಗೆ ವರದಿ ಬರೆಯಬೇಕು. ಮೊದಲನೆಯದು ಆಗುತ್ತಿತ್ತೋ ಇಲ್ಲವೋ, ಎರಡನೆಯದನ್ನು ಸುಂದ್ರಮ್ಮ ಬಲವಂತವಾಗಿ ಮಾಡಿಸುತ್ತಿದ್ದಳು. ಮೊದಲು ಬಂದವನು ಮಗುವನ್ನು ಮಾತಾಡಿಸುವ ಮುಂಚೆಯೇ ಫೈಲು ಬಿಚ್ಚಿದನೆಂದು ಅವನನ್ನು ಅರ್ಧ ದಿನ ರಾಗಿ ಕೇರಲು ಕೂರಿಸಿದ್ದಳು. ಅವನು ಈಗ ದೊಡ್ಡ ಅಧಿಕಾರಿ. ಯಾರ ಮನೆಗೆ ಹೋದರೂ ಮೊದಲು ಮೊರ ಎಲ್ಲಿದೆಯೆಂದು ನೋಡಿಕೊಳ್ಳುತ್ತಾನಂತೆ.

ತೊಂಬತ್ತಾರರ ಬೇಸಿಗೆಯಲ್ಲಿ ಬಂದ ನಾಲ್ಕನೆಯವಳು ಧಾರವಾಡದ ಕಾವ್ಯಶ್ರೀ. ಆ ಸಲ ಸುಂದ್ರಮ್ಮನಿಗೆ ಒಳಗೊಳಗೇ ಪುಕಪುಕ. ಮಗಳು ನೀಲಾವತಿಗೆ ಏಳು ತುಂಬಿತ್ತು. ಹುಟ್ಟಿದಾಗಿನಿಂದ ಕೈಕಾಲು ಬಿಗಿ, ಮಾತು ತೊದಲು, ನಗು ಮಾತ್ರ ಇಡೀ ಹೋಬಳಿಗೆ ಹಂಚಿದರೂ ಮಿಗುವಷ್ಟು. ಜೂನಿಗೆ ಒಂದನೇ ಕ್ಲಾಸಿಗೆ ಸೇರಿಸಿಕೊಳ್ಳಲು ಹೆಡ್ಮಾಸ್ಟರ್ ಗುರುಮಲ್ಲಯ್ಯ ಒಪ್ಪಿದ್ದರು. ಒಂದೇ ಷರತ್ತು.

"ಮಧ್ಯಾಹ್ನದ ಬುತ್ತಿ ಅವಳೇ ಉಣ್ಬೇಕು ಸುಂದ್ರಮ್ಮ. ಇರೋರು ಇಬ್ರು ಮೇಷ್ಟ್ರು, ನಾಕು ಕ್ಲಾಸು. ನಾನು ಪಾಠ ಮಾಡ್ಲೋ, ತುತ್ತು ಇಕ್ಲೋ?"

ತಾನೇ ಉಣ್ಣುತ್ತಾಳೆಂದು ಕಾವ್ಯಶ್ರೀ ವರದಿಯಲ್ಲಿ ಬರೆದುಕೊಟ್ಟರೆ ಸಾಕಿತ್ತು. ಅದು ಗೊತ್ತಿದ್ದೂ ಸುಂದ್ರಮ್ಮನಿಗೆ ತನ್ನ ಕೈ ತುತ್ತಿನ ಜಂಬ ಬಿಡಲಾಗಲಿಲ್ಲ.

ಕಾವ್ಯಶ್ರೀ ಒಂದು ಚಮಚ ತಂದಿದ್ದಳು. ಹತ್ತು ದಿನ ಆ ಚಮಚ ನೀಲಾವತಿಯ ಬಾಯಿಯೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆಗೂ ಹೋಗಿ ಬಂತು. ಹೆಂಚಿನವರೆಗೂ ಹಾರಿದ ಅನ್ನದ ಅಗುಳಿಗಾಗಿ ದೂರದ ಹರವೆ ಊರಿನ ಕಾಗೆಗಳೆಲ್ಲ ಬೇಗೂರಿಗೆ ವಲಸೆ ಬಂದವು. ಕೊನೆಗೆ ಪ್ರತಿದಿನವೂ ಸುಂದ್ರಮ್ಮನೇ ಮುದ್ದೆ ಮುರಿದು, ಉಪ್ಸಾರಿಗೆ ಅದ್ದಿ ಬಾಯಿಗಿಡುವಳು. ಗುಳುಂ! ಇದನ್ನೇ ನೋಡುತ್ತ ಕೂತಿದ್ದ ಕಾವ್ಯಶ್ರೀ ಹನ್ನೊಂದನೆಯ ದಿನ ಗಾಬರಿಯಿಂದ ವರದಿಗೆ ಒಂದು ಸಾಲು ಸೇರಿಸಿದಳು.

"ಯಾನಮ್ಮಿ ಅದು ಬರ್ದದ್ದು?"

"ಅಕಿ ಅಗಿಯಂಗೇ ಇಲ್ರೀ ಅಮ್ಮಾರ! 'ಆಹಾರವನ್ನು ಅಗಿಯುವುದಿಲ್ಲ' ಅಂತ ಬರದೀನ್ರೀ."

ಸುಂದ್ರಮ್ಮನ ನಗುವಿಗೆ ಅಟ್ಟದ ಮೇಲಿನ ಬೆಕ್ಕು ಕೆಳಗೆ ಬಿತ್ತು. "ಅಯ್ಯೋ ರೊಟ್ಟಿ ಸೀಮೆಯೋಳೇ, ಮುದ್ದೆನ ಯಾರಮ್ಮಿ ಅಗ್ದಾರು? ನುಂಗದೇ ಕಾಯ್ಲೆ ಅನ್ನದಾದ್ರೆ ಇಲ್ಲಿಂದ ಚಾಮ್ರಾಜ್‌ನಗರದ ಗಂಟ ಎಲ್ಲಾರ್ನೂ ಆಸ್ಪತ್ರೆಗೆ ಹಾಕ್ಬೇಕು. ಕೂತ್ಕೊ, ನೀನೂ ಉಣ್ಣು!"

ಕಾವ್ಯಶ್ರೀ ತುತ್ತು ಬಾಯಿಗಿಟ್ಟು ನಿಷ್ಠೆಯಿಂದ ಅಗಿದಳು. ಅಗಿದಷ್ಟೂ ಅದು ಹಲ್ಲಿಗೆ ಹತ್ತಿತು. ಎರಡು ದವಡೆಯೂ ಒಂದಾಗಿ, ಧಾರವಾಡದ ಮಾತೆಲ್ಲ ಒಳಗೇ ಸಿಕ್ಕಿಕೊಂಡಿತು.

"ಅಗೀಬ್ಯಾಡ ಕಣಮ್ಮಿ, ನುಂಗು!" ಎನ್ನುತ್ತ ಸುಂದ್ರಮ್ಮ ನೀರಿಗೆ ಓಡಿದಳು. ಚೊಂಬು ಹಿಡಿದು ತಿರುಗಿದವಳು ಹಾಗೇ ನಿಂತಳು.

ನೀಲಾವತಿ ಕಿಲಕಿಲ ನಗುತ್ತಿದ್ದಳು. ಚಮಚ ಹಿಡಿಯಲಾರದ ಅವಳ ಬೆರಳುಗಳು ತಟ್ಟೆಯ ಮುದ್ದೆಯಲ್ಲಿ ಹೂತಿದ್ದವು. ಮುದ್ದೆ ಅನ್ನದ ಹಾಗೆ ಚೆಲ್ಲುವುದಿಲ್ಲ, ಕೈಗೆ ಅಂಟಿಕೊಂಡೇ ಬರುತ್ತದೆ. ಆ ಕೈ ಅತ್ತಿತ್ತ ಅಲೆದು, ಕಿವಿಗೊಂದಿಷ್ಟು ಕೆನ್ನೆಗೊಂದಿಷ್ಟು ಮೆತ್ತಿ, ಬಾಯಿಗೆ ಬಂದು ಸೇರಿತು. ಗುಳುಂ!

"ಇಂ...ಗೆ," ಎಂದಳು ನೀಲಾವತಿ, ಧಾರವಾಡದ ಎಂ.ಎ.ಗೆ.

ಸುಂದ್ರಮ್ಮನ ಬಾಯಿ ಮುಚ್ಚಿಹೋಯಿತು. ಬೇಗೂರಿನಲ್ಲಿ ಹಾಗಾಗಿದ್ದು ಅದೇ ಮೊದಲು. ಮನೆಯಲ್ಲಿ ಸದ್ದಿಲ್ಲದ್ದು ಕಂಡು ಏನು ಅನಾಹುತವೋ ಎಂದು ಅಕ್ಕಪಕ್ಕದವರು ಓಡಿ ಬಂದರು.

ಉಳಿದ ದಿನಗಳಲ್ಲಿ ಚಮಚ ಉಪ್ಪಿನ ಡಬ್ಬಿ ಸೇರಿತು. ಉಣ್ಣುವುದನ್ನು ನೀಲಾವತಿ ತಾನೇ ಪಳಗಿಸಿಕೊಂಡಳು. ಕಾವ್ಯಶ್ರೀ ತಿದ್ದಬೇಕಾಗಿ ಬಂದದ್ದು ತಾಯಿಯನ್ನು. ಮಗಳ ತಟ್ಟೆಯ ಕಡೆಗೆ ಸುಂದ್ರಮ್ಮನ ಬಲಗೈ ಕಳ್ಳಬೆಕ್ಕಿನಂತೆ ಹೊರಟಾಗಲೆಲ್ಲ, "ಅಮ್ಮಾರ, ಕೈ!" ಎನ್ನುವಳು. ಕೈ ತೊಡೆಯ ಕೆಳಗೆ ಹೋಗುತ್ತಿತ್ತು.

ಕಾವ್ಯಶ್ರೀಯ ಹದಿನೈದು ದಿನ ಮುಗಿಯುವ ಹೊತ್ತಿಗೆ ಶಾಲೆ ತೆರೆಯಿತು, ಮೂವರೂ ಹೋದರು. ಗುರುಮಲ್ಲಯ್ಯ ವರದಿ ಓದಿದರು. "ತಾನೇ ಉಣ್ಣುತ್ತಾಳೆ. ಭೇಷ್!" ಎಂದು ದಾಖಲಾತಿ ಪುಸ್ತಕ ತೆರೆದವರು, ಅದರ ಮೇಲಿನ ಸಾಲು ಕಂಡು ಪೆನ್ನು ಮುಚ್ಚಿದರು.

"ಇದೇನಿದು, 'ಆಹಾರವನ್ನು ಅಗಿಯುವುದಿಲ್ಲ'? ಹಿಂಗಾದ್ರೆ ಸೇರಿಸ್ಕೊಳ್ಳೋದು ಹೆಂಗೆ ಸುಂದ್ರಮ್ಮ?"

ಕಾವ್ಯಶ್ರೀ ನಾಲಿಗೆ ಕಚ್ಚಿಕೊಂಡಳು. ಆ ಸಾಲು ಹೊಡೆದುಹಾಕುವುದು ಮರೆತೇ ಹೋಗಿತ್ತು.

ಸುಂದ್ರಮ್ಮ ಮೇಜಿನ ಮೇಲಿದ್ದ ಅವರ ಊಟದ ಕ್ಯಾರಿಯರ್ ನೋಡಿದಳು.

"ಸಾಮಿ, ಅದ್ರಲ್ಲಿರದೂ ಮುದ್ದೆನೇ ತಾನೆ? ಒಂದ್ ತುತ್ತು ಅಗ್ದು ತೋರ್ಸಿ. ಆಗ್ನಿಲ್ಲ ಅಂದ್ರೆ ನನ್ ಮಗಳ ಕೆಳ್ಗೇ ನಿಮ್ಮೆಸ್ರೂ ಬರ್ಕಳಿ, ಇಬ್ರೂ ಒಂದ್ನೇ ಕ್ಲಾಸ್ಗೆ ಕೂತ್ಕಬೌದು!"